ಮಿಲಿಟರಿಯಿಂದ ಮರಳುವ ತಮ್ಮನಿಗೆ

ತಮ್ಮಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: "ಕಾಕಾ, ಇನ್ನ ಮೂರು ತಿಂಗಳಿಗೆ ರಿಟೈರ್ ಆಗ್ತೀನಿ. ಊರಿಗೆ ಬಂದು ಹುಡುಗರಿಗೆ ಆಟ ಕಲಿಸಬೇಕಂತ ಮಾಡೀನಿ. ನಿಮಗೇನ ಅನಸ್ತದ?" ಆಗ ನಾನು ಗೋಕಾಕದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. "ಛಲೋ ಆತಪಾ, ಬಾ" ಅಂದು ಫೋನಿಟ್ಟೆ. ಆಮೇಲೆ ಮೂರು ರಾತ್ರಿ ಅದೇ ಯೋಚನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿದವನು ನಾನು. ನಿನ್ನಂಥವನೊಬ್ಬ ಊರಿಗೆ ಬರಲಿ ಎಂದು ಕಾದು ಕೂತವನು. ಅಂಥವನು ಒಂದೇ ಮಾತಿನಲ್ಲಿ ಮುಗಿಸಿದ್ದು ಸರಿಯಲ್ಲ ಅನ್ನಿಸಿತು. ಅದಕ್ಕೇ ಈ ಕಾಗದ.

ರಜೆಗೆ ಬಂದಾಗ ನೀನೂ ನೋಡಿರುತ್ತೀ. ನಸುಕಿನ ನಾಲ್ಕೂವರೆಗೆ ಗೋಕಾಕದಿಂದ ಮೂಡಲಗಿ ಕಡೆಗೆ ಹೋಗು, ಹುಕ್ಕೇರಿಯಿಂದ ಸಂಕೇಶ್ವರದ ಕಡೆಗೆ ಹೋಗು, ಡಾಂಬರು ರಸ್ತೆಯ ಮೇಲೆ ಹುಡುಗರು ಓಡುತ್ತಿರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದವು, ಅವರ ಮೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತವೆ. ಎಲ್ಲ ಸೇನೆಯ ಭರ್ತಿಗಾಗಿ. 1600 ಮೀಟರ್ ಓಟ. ಮೊದಲ ಗುಂಪಿನ ಗಡುವಾದ ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಬೀಮಿಗೆ ಜೋತು ಹತ್ತು ಸಲ ಮೈ ಎಳೆದರೆ 40. ಈ ಲೆಕ್ಕ ನಮ್ಮ ಹುಡುಗರಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಮಾಜಿ ಸೈನಿಕನೊಬ್ಬ ಊರಿಗೆ ಬಂದನೆಂದರೆ ಜನ ಕೇಳುವುದೂ ಅದನ್ನೇ: "ಭರ್ತಿ ಕ್ಲಾಸ್ ಯಾವಾಗ ಚಾಲೂ ಮಾಡ್ತೀರಿ, ಸಾಹೇಬ್ರ?"

ಬರೀ ಭರ್ತಿ ಕ್ಲಾಸ್ ಮಾಡಬೇಡ. ಇದು ನನ್ನ ಮೊದಲ ಮಾತು, ಮುಖ್ಯ ಮಾತು. ಆ ಕೆಲಸ ಕೀಳೆಂದು ಹೇಳುತ್ತಿಲ್ಲ. ಎರಡೆಕರೆ ಹೊಲದ ಮನೆಗೆ ತಿಂಗಳ ಪಗಾರ ಬರುವುದು ಸಣ್ಣ ಸಂಗತಿಯೇ? ಆದರೆ ಹದಿನೆಂಟಕ್ಕೆ ನಿನ್ನ ಹತ್ತಿರ ಬಂದ ಹುಡುಗನನ್ನು ಒಂದು ಪರೀಕ್ಷೆ ದಾಟಿಸಬಹುದು, ಆಟ ಕಲಿಸಲು ಆಗುವುದಿಲ್ಲ. ಆಟ ಕೂಡುವುದು ಎಳೆಯ ಮೈಗೆ. ಐದನೆಯ, ಆರನೆಯ ಇಯತ್ತೆಯ ಮಕ್ಕಳನ್ನು ಹಿಡಿ. ನಿನ್ನ ಸೇನೆಯದೂ ಇದೇ ರೀತಿಯಲ್ಲವೇ? ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳಿಗೆ 8ರಿಂದ 14 ವರ್ಷದ ಮಕ್ಕಳನ್ನು ಆಯುತ್ತಾರೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೇ ಅಂಥದೊಂದು ಕಂಪನಿ ಇದೆ. ಅಲ್ಲಿಯ ಮಕ್ಕಳು ಶಾಲೆ ಓದುತ್ತ ಕುಸ್ತಿ ಕಲಿತು, ಹದಿನೇಳೂವರೆ ತುಂಬಿದ ಮೇಲೆ ಸೇನೆ ಸೇರುತ್ತಾರೆ. ಅಲ್ಲಿಗೆ ಹೋಗಲು ನಮ್ಮ ಎಷ್ಟು ಮಕ್ಕಳಿಗೆ ಸಾಧ್ಯ? ಉಳಿದವರಿಗೆ ನೀನು ಬೇಕು.

ಈ ನೆಲಕ್ಕೆ ಓಟ ಹೊಸದಲ್ಲ. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತ ಮೊದಲ ಸಲ ತಂಡ ಕಳಿಸಿದಾಗ ಅದರಲ್ಲಿ ನಮ್ಮ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು ಆ ತಂಡ ಕಟ್ಟಲು ಮುಂದಾದವರು ದೊರಾಬ್ಜಿ ಟಾಟಾ. ಚೌಗುಲೆ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಆ ವರ್ಷದ ಹಾದಿ 42.75 ಕಿಲೋಮೀಟರ್. ಒಂದು ಮಧ್ಯಾಹ್ನ ಪೆನ್ನು ಹಿಡಿದು ಲೆಕ್ಕ ಹಾಕಿದೆ: ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ತುಸು ಕಡಿಮೆ ಬೀಳುತ್ತದೆ. ನಮ್ಮ ಹುಡುಗರು ಒಮ್ಮೆ ಓಡಿ ನೆಲಕ್ಕೆ ಕೂಡುವ ಆ 1600 ಮೀಟರನ್ನು ಅವರು ಆರು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ, ಒಂದರ ಬೆನ್ನಿಗೊಂದರಂತೆ ಇಪ್ಪತ್ತಾರು ಸಲಕ್ಕೂ ಹೆಚ್ಚು ಓಡಿದ್ದರು. ನೂರು ವರ್ಷದ ಹಿಂದೆ, ತರಬೇತಿ ಅಂದರೇನೆಂದು ಗೊತ್ತಿಲ್ಲದ ಕಾಲದಲ್ಲಿ. ಮೊದಲ ದಿನ ಮಕ್ಕಳನ್ನು ಓಡಿಸಬೇಡ. ಕೂಡಿಸಿಕೊಂಡು ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸು.

ನಿನ್ನ ಸಮವಸ್ತ್ರಕ್ಕೂ ಈ ಕೆಲಸಕ್ಕೂ ಇರುವ ನಂಟು ಹಳೆಯದು. ಧ್ಯಾನ್ ಚಂದ್ 1922ರಲ್ಲಿ ಹದಿನಾರನೆಯ ವಯಸ್ಸಿಗೆ ಸಿಪಾಯಿಯಾಗಿ ಸೇರಿದಾಗ ಹಾಕಿಯನ್ನು ಮನಸ್ಸಿಟ್ಟು ಆಡಿದವರೇ ಅಲ್ಲ. ಅವರಿಗೆ ಆಟದ ಅಕ್ಷರಾಭ್ಯಾಸ ಮಾಡಿಸಿದವರು ಅದೇ ರೆಜಿಮೆಂಟಿನ ಸುಬೇದಾರ್ ಮೇಜರ್ ಬಾಲೆ ತಿವಾರಿ. 1928, 1932, 1936ರ ಮೂರು ಒಲಿಂಪಿಕ್ ಚಿನ್ನಗಳ ಬೇರು ದಂಡಿನ ಮೈದಾನದ ಆ ಸಂಜೆಗಳಲ್ಲಿದೆ. ಮುಂದೆ ಮೇಜರ್ ಆಗಿ ನಿವೃತ್ತರಾದ ಮೇಲೆ ಧ್ಯಾನ್ ಚಂದರೂ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹಾಕಿ ಕಲಿಸಲು ನಿಂತರು. ಅವರು ಹುಟ್ಟಿದ ಆಗಸ್ಟ್ 29 ಈಗ ರಾಷ್ಟ್ರೀಯ ಕ್ರೀಡಾ ದಿನ. ಬಾಲೆ ತಿವಾರಿಯವರ ಹೆಸರು ಉಳಿದದ್ದು ಶಿಷ್ಯ ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದಿಟ್ಟದ್ದರಿಂದ. ನೀನು ಊರಿಗೆ ಬರುತ್ತಿರುವುದು ಬಾಲೆ ತಿವಾರಿಯಾಗಲು ಎಂಬುದು ನೆನಪಿರಲಿ.

ನಮ್ಮವರನ್ನೇ ನೋಡು. ಕೊಡಗಿನ ಎಂ.ಪಿ. ಗಣೇಶ್ ಹುಡುಗನಾಗಿದ್ದಾಗ ಜಿಲ್ಲೆಯ ಪರ ಆಡಿದ್ದು ಫುಟ್ಬಾಲ್. ಸೇನೆ ಸೇರಿದ ಮೇಲೆ ಸರ್ವಿಸಸ್ ತಂಡದ ಹಾಕಿ ಆಟಗಾರ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು. ಮರುವರ್ಷ ಹಾಲೆಂಡಿನಲ್ಲಿ ನಡೆದ ವಿಶ್ವಕಪ್ಪಿಗೆ ಅವರೇ ನಾಯಕ. ಆ ಫೈನಲ್ ಆಟವನ್ನು ಹಳಬರು ಇವತ್ತಿಗೂ ಮರೆತಿಲ್ಲ. ಭಾರತ 2-0 ಮುಂದಿತ್ತು. ಹಾಲೆಂಡ್ 2-2 ಮಾಡಿತು. ಕೊನೆಗೆ ಪೆನಾಲ್ಟಿ ಹೊಡೆತಗಳಲ್ಲಿ ಕಪ್ಪು ಕೈತಪ್ಪಿತು. ಅಷ್ಟು ಹತ್ತಿರ ಬಂದು ಸೋತವನಿಗೆ ಮೈದಾನದ ಮುಖ ನೋಡಲೂ ಬೇಸರವಾಗಬೇಕು. ಗಣೇಶ್ ಮೈದಾನ ಬಿಡಲಿಲ್ಲ. 1988ರ ಸೋಲ್ ಒಲಿಂಪಿಕ್ಸಿಗೆ ಹೋದ ಭಾರತ ತಂಡಕ್ಕೆ ತರಬೇತಿ ಕೊಟ್ಟರು, ಕ್ರೀಡಾ ಪ್ರಾಧಿಕಾರದಲ್ಲಿ ವರ್ಷಗಟ್ಟಲೆ ದುಡಿದರು. ಪದ್ಮಶ್ರೀ ಬಂದದ್ದು 2020ರಲ್ಲಿ, ನಾಯಕರಾಗಿದ್ದ ಆ ವಿಶ್ವಕಪ್ ಆಗಿ 47 ವರ್ಷಕ್ಕೆ. ಈ ಕೆಲಸದ ಅಳತೆ ಅಷ್ಟು ಉದ್ದ. ನೀನು ಬೆಳಿಗ್ಗೆ ಆರ್ಡರ್ ಕೊಟ್ಟರೆ ಸಂಜೆಗೆ ಕೆಲಸ ಆಗುವ ಕಡೆಯಿಂದ ಬರುತ್ತಿದ್ದೀ. ಇಲ್ಲಿ ಇವತ್ತು ಹೇಳಿಕೊಟ್ಟದ್ದು ಮಗುವಿನ ಕಾಲಿಗೆ ಇಳಿಯಲು ಮೂರು ವರ್ಷ ಬೇಕು. ಅಷ್ಟರಲ್ಲಿ ಅದು ಎರಡು ಸಲ ಬಿಟ್ಟು ಹೋಗಿ ಮರಳಿ ಬಂದಿರುತ್ತದೆ. ನಿನಗೆ ಅತಿ ಕಷ್ಟವಾಗುವುದು ಈ ಕಾಯುವಿಕೆಯೇ.

ಹೆಸರಿನ ಆಸೆಯನ್ನೂ ಈಗಲೇ ಒಂದು ಕಡೆ ಇಟ್ಟು ಬಾ. ಶಿರಸಿ ಕಡೆಯ ಕಾಶಿನಾಥ ನಾಯ್ಕ ಸೇನೆಯ ಸುಬೇದಾರ್. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಜಾವೆಲಿನ್ 74.29 ಮೀಟರ್ ಎಸೆದು ಕಂಚು ಗೆದ್ದವರು. ಆಮೇಲೆ ತರಬೇತುದಾರರಾದರು. ನೀರಜ್ ಚೋಪ್ರಾ ಅವರ ಆರಂಭದ ವರ್ಷಗಳಲ್ಲಿ ಕಲಿಸಿದವರಲ್ಲಿ ಒಬ್ಬರು. 2021ರಲ್ಲಿ ನೀರಜ್ ಟೋಕಿಯೊದಲ್ಲಿ ಚಿನ್ನ ಗೆದ್ದಾಗ ನಮ್ಮ ಸರಕಾರ ನಾಯ್ಕರಿಗೂ 10 ಲಕ್ಷ ರೂಪಾಯಿ ಬಹುಮಾನ ಸಾರಿತು. ಕೂಡಲೇ ಅವರು ಯಾರು, ಕಲಿಸಿದ್ದು ಎಷ್ಟು ಎಂಬ ಅಪಸ್ವರವೂ ಎದ್ದಿತು. ನನಗೆ ಅದು ನೋವು ತಂದಿತು. ಒಬ್ಬ ಆಟಗಾರನ ಹಿಂದೆ ಐದಾರು ಗುರುಗಳಿರುತ್ತಾರೆ, ಪದಕದ ಫೋಟೋದಲ್ಲಿ ಒಬ್ಬರಿಗೂ ಜಾಗ ಸಿಗುವುದಿಲ್ಲ. ನಿನ್ನ ಮಕ್ಕಳಲ್ಲಿ ಚುರುಕಾದವನನ್ನು ಕ್ರೀಡಾ ವಸತಿ ನಿಲಯದವರು ಕರೆದುಕೊಂಡು ಹೋಗುತ್ತಾರೆ. ಸಂತೋಷದಿಂದ ಕಳಿಸು. ಹಿಡಿದಿಟ್ಟುಕೊಳ್ಳಬೇಡ.

ಈಗ ನನ್ನ ಒಂದು ತಪ್ಪನ್ನು ಹೇಳಬೇಕು. ಇದನ್ನು ಬಹಳ ಜನರಿಗೆ ಹೇಳಿಲ್ಲ.

ನನ್ನ ಹತ್ತಿರ ಒಬ್ಬ ಹುಡುಗನಿದ್ದ, ಒಂಬತ್ತನೆಯ ಇಯತ್ತೆ. ಕುರಿ ಕಾಯುವ ಮನೆತನ. ಓಡಲು ನಿಂತರೆ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ಅನ್ನುವ ಹಾಗೆ. ವಲಯದಲ್ಲಿ ಗೆದ್ದ, ತಾಲೂಕಿನಲ್ಲಿ ಗೆದ್ದ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕೂಟಕ್ಕೆ ಎಂಟು ದಿನ ಇರುವಾಗ "ಸರ್, ಮೊಳಕಾಲ ಕೆಳಗ ಎಲುವು ಕಡಿತೈತ್ರಿ" ಅಂದ. ನನ್ನ ಕಣ್ಣ ಮುಂದೆ ಶೀಲ್ಡ್ ಇತ್ತು. ಸುಣ್ಣ ಅರಿಶಿನ ಹಚ್ಚಿಸಿ, ಬಟ್ಟೆ ಬಿಗಿದು ಓಡಿಸಿದೆ. ಎರಡನೆಯವನಾಗಿ ಬಂದ. ಆಮೇಲೆ ಕುಂಟುತ್ತ ಬಸ್ಸು ಹತ್ತಿದ. ಎಲುಬಿನಲ್ಲಿ ಬಿರುಕು ಬಿಟ್ಟಿತ್ತು. ಒಂದು ವರ್ಷ ಅವನು ಮೈದಾನಕ್ಕೆ ಬರಲಿಲ್ಲ, ಬಂದಾಗ ಆ ಓಟ ಅವನಲ್ಲಿ ಇರಲಿಲ್ಲ. ಈಗ ಟೆಂಪೊ ಓಡಿಸುತ್ತಾನೆ. ಎದುರಾದರೆ ಗಾಡಿ ನಿಲ್ಲಿಸಿ ಕೈ ಮುಗಿಯುತ್ತಾನೆ. ಆ ಕೈ ಮುಗಿಯುವುದನ್ನು ನನಗೆ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ.

ನೋವು ನುಂಗಿ ಮುಂದೆ ಹೋಗು ಅನ್ನುವುದು ರಣದ ಮಾತು, ನಿನಗೆ ಅದು ರಕ್ತದಲ್ಲಿ ಸೇರಿದೆ. ಬೆಳೆಯುವ ಎಲುಬಿಗೆ ಆ ಮಾತು ಹೇಳಬೇಡ. ಮಗು ನೋವು ಅಂದರೆ ಅವತ್ತಿಗೆ ಆಟ ಮುಗಿಯಿತು. ಡಾಂಬರಿನ ಮೇಲೆ ಓಡಿಸುವುದನ್ನು ಮೊದಲ ದಿನವೇ ನಿಲ್ಲಿಸು. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಹಸಿ ಹಿಟ್ಟಿನ ಹಾಗೆ ಕಾಲು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಶಾಲೆಯ ಪಡಸಾಲೆಯಲ್ಲಿ ದಂಡ, ಬೈಠಕು, ಹಗ್ಗದ ಜಿಗಿತ ಮಾಡಿಸು.

ಓಟದಲ್ಲಿ ನಮ್ಮ ಹುಡುಗರು ಮಾಡುವ ತಪ್ಪು ಒಂದೇ: ಸೀಟಿ ಊದಿದೊಡನೆ ಹುಲಿ ಬೆನ್ನಟ್ಟಿದವರಂತೆ ಹೊರಡುತ್ತಾರೆ, ಅರ್ಧ ದಾರಿಗೆ ಎದೆ ಹಿಡಿದುಕೊಳ್ಳುತ್ತಾರೆ. ಹಳ್ಳಿಯ ಶಾಲೆಯ ಮೈದಾನದಲ್ಲಿ 400 ಮೀಟರಿನ ಟ್ರ್ಯಾಕ್ ಹಿಡಿಸುವುದಿಲ್ಲ, 200 ಮೀಟರಿನದು ಹಿಡಿಸುತ್ತದೆ: ಎರಡು ನೇರ ಗೆರೆ 40 ಮೀಟರಿನವು, ತಿರುವಿನಲ್ಲಿ ಓಡುವ ಗೆರೆಗೆ ತ್ರಿಜ್ಯ 19.10 ಮೀಟರ್. ಅಂಥದರಲ್ಲಿ 1600 ಅಂದರೆ ಎಂಟು ಸುತ್ತು. ಐದೂವರೆ ನಿಮಿಷಕ್ಕೆ ಮುಗಿಯಬೇಕಾದರೆ ಸುತ್ತಿಗೆ 41 ಸೆಕೆಂಡು. ಮೊದಲ ಸುತ್ತೂ 41, ಏಳನೆಯದೂ 41. ನೀನು ಗೆರೆಯ ಬಳಿ ನಿಂತು ಗಟ್ಟಿಯಾಗಿ ಸೆಕೆಂಡು ಕೂಗು. ಎರಡು ತಿಂಗಳಿಗೆ ಹುಡುಗ ಗಡಿಯಾರ ನೋಡದೆ ತನ್ನ ವೇಗ ಹೇಳುತ್ತಾನೆ. ಇಷ್ಟು ಕಲಿತವನಿಗೆ ಭರ್ತಿಯ ಭಯವೂ ಹೋಗುತ್ತದೆ, ಅದು ತಾನಾಗಿ ಬರುವ ಫಲ.

ಊಟದ ವಿಷಯದಲ್ಲಿ ಪೇಟೆಯ ಡಬ್ಬಿಯ ಪುಡಿಗಳನ್ನು ಬಾಗಿಲೊಳಗೆ ಬಿಡಬೇಡ. ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಬೆಲ್ಲ. ಗೋಕಾಕದ ಕರದಂಟನ್ನು ಈಗ ಊರಿಗೆ ಬಂದವರು ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾರೆ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಸೇರಿದ ಅದು ಮೈ ದುಡಿಸುವವರ ತಿನಿಸು. ಮಗುವಿನ ತಾಯಿಯನ್ನು ಕರೆದು ಕೂಡಿಸಿ ಮಾತಾಡು, ಅಡುಗೆ ಅವಳ ಕೈಯಲ್ಲಿದೆ. ಇಂಜೆಕ್ಷನ್ ಚುಚ್ಚಿಸಿಕೊಂಡು ಮೈ ಉಬ್ಬಿಸುವವರು, ಓಟದ ಮೊದಲು ಗುಳಿಗೆ ನುಂಗಿಸುವವರು ಸುತ್ತಮುತ್ತ ಸುಳಿದಾಡುತ್ತಾರೆ. ಅಂಥವನ ನೆರಳೂ ನಿನ್ನ ಮೈದಾನದ ಮೇಲೆ ಬೀಳಬಾರದು. ಹಾಗೆಯೇ ಹುಟ್ಟಿದ ದಿನಾಂಕ ತಿದ್ದಿಸಿ ಹದಿನಾರರವನನ್ನು ಹದಿನಾಲ್ಕರವನೆಂದು ಓಡಿಸುವ ಚಟ. ಗೆದ್ದ ಮಗುವಿಗೆ ತಾನು ಗೆದ್ದಿಲ್ಲವೆಂದು ಗೊತ್ತಿರುತ್ತದೆ.

ಆಯುವಾಗ ಅವಸರ ಬೇಡ. ಮಿಲ್ಖಾ ಸಿಂಗರನ್ನು ಸೇನೆಯ ಭರ್ತಿಯಲ್ಲಿ ಮೂರು ಸಲ ಹೊರಗೆ ಹಾಕಿದ್ದರು, ನಾಲ್ಕನೆಯ ಸಲಕ್ಕೆ ಒಳಗೆ ಬಂದರು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಅವಿನಾಶ ಸಾಬಳೆ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರ ಮಗ. ಮಹಾರ್ ರೆಜಿಮೆಂಟ್ ಸೇರಿ, ಸಿಯಾಚಿನ್ನಿನಲ್ಲಿ ನಿಂತು ಬಂದ ಮೇಲೆ ಓಟಕ್ಕಿಳಿದವರು. ಅವರ ಕಾಲಿಗೆ ಒಗ್ಗುವುದು ಅಡೆತಡೆ ಹಾರುವ ಸ್ಟೀಪಲ್‌ಚೇಸ್ ಓಟ ಎಂದು ಕಂಡುಹಿಡಿದವರು ಸೇನೆಯ ತರಬೇತುದಾರ ಅಮರೀಶ್ ಕುಮಾರ್. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 8 ನಿಮಿಷ 11.20 ಸೆಕೆಂಡಿನಲ್ಲಿ ಓಡಿ ಬೆಳ್ಳಿ ತಂದರು. ಬೀಡ ಅಂದೊಡನೆ ನನಗೆ ನೆನಪಾಗುವುದು ಬೇರೆಯೇ. ದೀಪಾವಳಿಯ ಹೊತ್ತಿಗೆ ನಮ್ಮ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬರುವುದು ಆ ಕಡೆಯಿಂದಲೇ. ಹೊಲದ ಬದುವಿನ ಗುಡಿಸಲುಗಳಲ್ಲಿ ಅವರ ಮಕ್ಕಳು ನಾಲ್ಕೈದು ತಿಂಗಳು ಶಾಲೆಯಿಲ್ಲದೆ ಇರುತ್ತಾರೆ. ಅವರನ್ನೂ ಮೈದಾನಕ್ಕೆ ಕರೆ. ಬೇಸಿಗೆಗೆ ಹೊರಟು ಹೋಗುವ ಮಕ್ಕಳಿಗೆ ಕಲಿಸಿ ಏನುಪಯೋಗ ಎಂದು ಊರವರು ಕೇಳುತ್ತಾರೆ. ಕೇಳಲಿ.

ಹೆಣ್ಣುಮಕ್ಕಳ ಮಾತು ಬೇರೆಯಾಗಿ ಹೇಳುವಂಥದಲ್ಲ, ಆದರೂ ಹೇಳಲೇಬೇಕಾಗಿದೆ. ನಮ್ಮ ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿ ಆಡಿ ಕಂಚು ತಂದಳು. ಮಹಿಳಾ ಮಿಲಿಟರಿ ಪೊಲೀಸ್ ಪಡೆಗೆ ಭರ್ತಿ ಶುರುವಾದ 2019ರಲ್ಲಿ ಬೆಳಗಾವಿಯಲ್ಲೇ ಮೇಳ ನಡೆಯಿತು. ಹುಡುಗಿಯರು ಬರಬೇಕಾದರೆ ಮೈದಾನದ ಹತ್ತಿರ ಬಟ್ಟೆ ಬದಲಿಸಲು ಒಂದು ಕೋಣೆ, ನೀರು, ಕತ್ತಲಾಗುವ ಮೊದಲು ಮನೆ ಸೇರುವ ಹಾಗೆ ವೇಳೆ, ಜೊತೆಗೆ ಒಬ್ಬ ಹೆಣ್ಣುಮಗಳು ಇರಬೇಕು. ಈ ನಾಲ್ಕು ಮೊದಲು ಮಾಡು, ಆಮೇಲೆ ಕರೆ. ಕರೆದ ಮೇಲೆ ಅವರಿಗೂ ಅಷ್ಟೇ ಸುತ್ತು, ಅಷ್ಟೇ ಬೈಗುಳ.

2022ರಲ್ಲಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಬಂದ ಮೇಲೆ ನಿನ್ನಂಥವರ ಹೊಣೆ ಇನ್ನೂ ದೊಡ್ಡದಾಗಿದೆ. ನಾಲ್ಕು ವರ್ಷದ ಸೇವೆ. ಅದಾದ ಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರು ಇಪ್ಪತ್ತೆರಡು, ಇಪ್ಪತ್ಮೂರರ ಏರು ಪ್ರಾಯದಲ್ಲಿ ಊರಿಗೆ ಮರಳುತ್ತಾರೆ. ಗಟ್ಟಿ ಮೈ, ಶಿಸ್ತು, ಕೈಯಲ್ಲಿ ಒಂದಿಷ್ಟು ದುಡ್ಡು, ಮುಂದೇನೆಂಬ ಪ್ರಶ್ನೆ. ಅವರನ್ನು ಓಣಿಯ ಕಟ್ಟೆಯ ಮೇಲೆ ಕೂಡಲು ಬಿಡಬೇಡ. ಒಬ್ಬೊಬ್ಬನಿಗೆ ಹತ್ತು ಮಕ್ಕಳನ್ನು ಒಪ್ಪಿಸು.

ನಿನ್ನ ಅನುಭವ ದೊಡ್ಡದು, ಅದರ ಮೇಲೆ ಒಂದು ಕಾಗದವೂ ಇರಲಿ. ಪಟಿಯಾಲದ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ, ಒಂದು ವರ್ಷದ ಡಿಪ್ಲೊಮಾ ಇದೆ. ಆರು ವಾರದ್ದನ್ನಾದರೂ ಮುಗಿಸು. ಶಾಲೆಯ ಮುಖ್ಯಾಧ್ಯಾಪಕರೂ ಇಲಾಖೆಯವರೂ ಮೈದಾನ ಕೊಡುವಾಗ ಅದನ್ನು ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಫೀ ತೆಗೆದುಕೊಳ್ಳುವುದಾದರೆ ಭರ್ತಿಗೆ ಬರುವ ದೊಡ್ಡ ಹುಡುಗರಿಂದ ತೆಗೆದುಕೋ, ಅದರಲ್ಲಿ ಸಣ್ಣವರಿಗೆ ಬೂಟು ಕೊಡಿಸು. ಪಿಂಚಣಿಯ ದುಡ್ಡಿಗೆ ಕೈ ಹಾಕಬೇಡ, ಅದು ಮನೆಯದು. ಚುನಾವಣೆ ಹತ್ತಿರ ಬಂದಾಗ ಎಲ್ಲ ಪಕ್ಷದವರೂ ಟಿ-ಶರ್ಟಿನ ಗಂಟು ಹೊತ್ತು ಬರುತ್ತಾರೆ. ಮಕ್ಕಳ ಎದೆಯ ಮೇಲೆ ಯಾರ ಭಾವಚಿತ್ರವೂ ಬೇಡ.

ಇನ್ನೊಂದು ಮಾತು, ಇದು ನಿನ್ನ ಕಾಕಿಯೂ ನೆನಪಿಸಿದ್ದು. ಇಪ್ಪತ್ತೆಂಟು ವರ್ಷ ನಿನ್ನ ಹೆಂಡತಿ ವರ್ಷಕ್ಕೆ ಎರಡು ತಿಂಗಳ ಗಂಡನನ್ನು ಕಂಡಳು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದಾಗ ನೀನು ಗಡಿಯಲ್ಲಿದ್ದೆ. ಎರಡು ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಅವಳೊಬ್ಬಳೇ ಎತ್ತರದ ಓಣಿಗೆ ನಡೆದಳು. ಈಗ ನಸುಕಿಗೆ ಮೈದಾನ, ಸಂಜೆಗೆ ಮೈದಾನ ಎಂದು ಮತ್ತೆ ಅವಳಿಂದ ದೂರವಾಗಬೇಡ. ಬಂದ ಮೇಲೆ ಎರಡು ತಿಂಗಳು ಮನೆಯಲ್ಲಿರು. ಆಮೇಲೆಯೂ ರವಿವಾರ ಸೀಟಿ ಗೂಟಕ್ಕೆ ತೂಗಲಿ.

ಶಾಲೆಯವರೊಡನೆ ನಾನು ಮಾತಾಡಿದ್ದೇನೆ. ಹಿಂದಿನ ಮೈದಾನ ಬೆಳಿಗ್ಗೆ ಆರರಿಂದ ಎಂಟೂವರೆಯ ತನಕ ನಮಗೆ. ಬೇವಿನ ಮರದ ಕಡೆಯ ಮುಳ್ಳುಕಂಟಿ ಕಡಿಸಬೇಕು, ಒಂದು ತಗ್ಗಿಗೆ ಎರಡು ಟ್ರ್ಯಾಕ್ಟರ್ ಮಣ್ಣು ಬೇಕು. ಸುಣ್ಣದ ಚೀಲ, ಐವತ್ತು ಮೀಟರಿನ ಟೇಪು, ಗೂಟ ಎಲ್ಲ ನನ್ನ ಪಡಸಾಲೆಯಲ್ಲಿ ಇಟ್ಟಿದ್ದೇನೆ. ನನಗೀಗ ಬಗ್ಗಿ ಗೆರೆ ಎಳೆಯಲು ಆಗುವುದಿಲ್ಲ. ನಾನು ನಡುವೆ ಗೂಟ ಹಿಡಿದು ನಿಲ್ಲುತ್ತೇನೆ, ನೀನು ಹಗ್ಗ ಹಿಡಿದು ಸುತ್ತು ಬಾ.